ಬೆಣೆ ನೀರು ಕುಡಿದ ಭಾನುವಾರ

ತೊಂಬತ್ತರ ದಶಕದ ಮೊದಲ ವರ್ಷಗಳು. ಬಂಗಾರಪೇಟೆಯಲ್ಲಿ ದಿನಾ ರೈಲು ಹತ್ತಿ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿ ನನ್ನ ಕೆಲಸ, ನಗಬೇಡಿ, ಮರಕ್ಕೆ ನೀರು ಕುಡಿಸುವುದು, ಅದೂ ಕಂಪ್ಯೂಟರಿನೊಳಗೆ. ಮರದ ನಾರೆಂದರೆ ಸೆಲ್ಯುಲೋಸಿನ ಸರಪಳಿಗಳು, ಒಂದರ ಕೈಯನ್ನು ಇನ್ನೊಂದು ಬಿಗಿಯಾಗಿ ಹಿಡಿದು ಮಲಗಿರುತ್ತವೆ. ನೀರಿನ ಅಣು ನಡುವೆ ನುಗ್ಗಿ ಆ ಹಿಡಿತ ಬಿಡಿಸಿ ತಾನೇ ಕೈ ಹಿಡಿಯುತ್ತದೆ. ಯಂತ್ರ ನಾಲ್ಕು ದಿನ ಓಡಿದರೂ ಅದರೊಳಗಿನ ಮರಕ್ಕೆ ಕಣ್ಣು ಮಿಟುಕಿಸುವ ಹೊತ್ತಿನ ಕೋಟಿಯಲ್ಲೊಂದು ಪಾಲು ಕೂಡ ಕಳೆಯುತ್ತಿರಲಿಲ್ಲ. ನೀರು ಅಂಚಿನಲ್ಲೇ ತಡಕಾಡುತ್ತಿತ್ತು. ನೋಡಿ ನೋಡಿ, ನೀರೆಂದರೆ ನಿಧಾನ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಒಂದು ಭಾನುವಾರ ಅಪ್ಪ ಹೊಲದ ಗಡಿಯ ಬಂಡೆ ಸೀಳಲು ಹೊರಟ. ಸಾಲಾಗಿ ಕುಳಿ ಹೊಡೆದು, ಒಣ ಜಾಲಿಯ ಬೆಣೆ ಬಡಿದು, ನೀರು ಹೊಯ್ಯುತ್ತಾ ಕೂರುವುದು ನಮ್ಮ ಕಡೆಯ ಹಳೆಯ ವಿದ್ಯೆ. ಬೆಣೆ ಉಬ್ಬಿ ಕಲ್ಲನ್ನು ಒಡೆಯುತ್ತದೆ. ಬಂಡೆಯಲ್ಲಿ ತನಗೂ ಪಾಲಿದೆಯೆಂದು ಚಿಕ್ಕಪ್ಪ ಬಂದು, ಅದರ ಮೇಲೆಯೇ ಕಾಲು ಇಳಿಬಿಟ್ಟು ಕೂತ.

"ಇಳೀಲಾ. ಬಂಡೆ ದಾಯಾದಿ ಮುಖ ನೋಡಿ ಒಡೆಯಾಕಿಲ್ಲ" ಅಂದ ಅಪ್ಪ.

"ನಂದಿದುರ್ಗದ ಚಿನ್ನದ ಗಣೀಲಿ ಮದ್ದಿಟ್ಟು ಉಡಾಯ್ಸಿದೋನು ನಾನು. ಸೌದೆಗೆ ಎದರ್ತೀನಾ?" ಅಂದ ಚಿಕ್ಕಪ್ಪ.

ಅಪ್ಪ ಅವನ ರಟ್ಟೆ ಹಿಡಿದು ಎಳೆಯಲು ಮುಂದಾದ. ಆಗ ನಾನು ಬಾಯಿ ಹಾಕಿದೆ.

"ಬಿಡಪ್ಪ, ಸಂಜೆಗಂಟ ಏನೂ ಆಗಾಕಿಲ್ಲ. ನೀರು ಒಳಿಕ್ಕೋಗಾಕೆ ಬಾಳ ಒತ್ತು ಇಡೀತದೆ."

ಓದಿದ ಮಗನ ಮಾತೆಂದು ಅಪ್ಪ ಕೈಬಿಟ್ಟ.

ಮಧ್ಯಾಹ್ನದ ಊಟಕ್ಕೂ ಮುಂಚೆಯೇ ಬೆಣೆಗಳು ಕಿರುಗುಟ್ಟಿದವು. ಅಪ್ಪ ಕೊಡ ಎಸೆದು ನುಗ್ಗಿ ತಮ್ಮನ ಕೊರಳಪಟ್ಟಿಗೆ ಕೈಹಾಕಿದ. ಹೊಡೆಯಲು ಬಂದನೆಂದುಕೊಂಡ ಚಿಕ್ಕಪ್ಪ ಅಪ್ಪನ ಮೂಗಿಗೆ ಗುದ್ದಿದ. ರಕ್ತ ಸುರಿಯುತ್ತಿದ್ದರೂ ಅಪ್ಪ ಬಿಡದೆ ದರದರ ಎಳೆದ. ಕಲ್ಲು ಸಿಡಿದು ಎರಡಾಗಿ ಜಾರಿತು. ಚಿಕ್ಕಪ್ಪನ ಮೈ ಈಚೆ ಬಂತು, ಬಲಪಾದ ಬರಲಿಲ್ಲ. ಹಾರೆ ಹಾಕಿ ಕಲ್ಲೆತ್ತಿದಾಗ ಅಲ್ಲಿದ್ದದ್ದು ಚಪ್ಪಲಿಯ ಪಟ್ಟಿ ಬೆರೆತ ಮಾಂಸ.

ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು. ಅಣ್ಣನೇ ಬಂಡೆಯಡಿಗೆ ತಳ್ಳಿದನೆಂದು ಚಿಕ್ಕಪ್ಪ ನೋಡಲು ಬಂದವರಿಗೆಲ್ಲ ಹೇಳಿದ. ಅಪ್ಪ ಊದಿದ ಮೂಗು ಹೊತ್ತು ಮೂರು ದಿನ ಬಾಗಿಲಾಚೆ ಕೂತಿದ್ದ. ಯಾರು ಏನೇ ಅಂದರೂ ನನ್ನ ಹೆಸರೆತ್ತಲಿಲ್ಲ.

ನಾಲ್ಕನೆಯ ದಿನ ನಾನೇ ಒಳಗೆ ಹೋದೆ. "ಬೆಣೆ ಕೂಗಿದ್ದು ಕೇಳಿ ಅಪ್ಪ ನಿನ್ನ ಎಳೆದಿದ್ದು. ಮೊದ್ಲೇ ಎಳೀತಿದ್ದ, ತಡೆದೋನು ನಾನು" ಅಂದೆ.

ಚಿಕ್ಕಪ್ಪ ಹತ್ತಿರ ಕರೆದ. ಬಗ್ಗಿದೆ. ಗಣಿಯಲ್ಲಿ ಡ್ರಿಲ್ ಹಿಡಿದ ಕೈ ಅದು. ಕೆನ್ನೆಗೆ ಬಿದ್ದ ಏಟಿಗೆ ಹಲ್ಲೊಂದು ಅಲ್ಲಾಡಿ ಬಾಯಿ ಉಪ್ಪಾಯಿತು. ಆಮೇಲೆ ಅವನು ಗೋಡೆಯ ಕಡೆ ತಿರುಗಿ ಹೇಳಿದ:

"ಓಗು. ಅಣ್ಣ ಆಚೆ ಅವ್ನಲ್ಲ, ಒಳಿಕ್ಕೆ ಕರ್ಕಂಬಾ."