ಅನಸವ್ವ ಬಾಯಿ ತೆರೆದ ದಿನ

ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಹೆಂಗಸರಿಗೆ ಕಿವಿಗಿಂತ ಕಣ್ಣು ಚುರುಕು. ನಾಲ್ಕು ಪಾವರಲೂಮು ಒಟ್ಟಿಗೆ ಶುರುವಾದವೆಂದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ತುಟಿ ನೋಡಿಯೇ ತಿಳಿದುಕೊಳ್ಳಬೇಕು. ಗಲಗಲಿಯಿಂದ ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದ ಅನಸವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದನ್ನು ಒಂದು ವಾರದಲ್ಲಿ ಕಲಿತಳು, ಗಂಡ ಕಾಶಪ್ಪನ ತುಟಿ ಓದುವುದನ್ನು ಎರಡೇ ದಿನದಲ್ಲಿ. ಅವನು ಮಗ್ಗದ ಹತ್ತಿರದಿಂದ ಚಹಾ ಎಂದು ಬಾಯಾಡಿಸಿದರೆ ಇವಳು ಕಂಡಿಕೆ ಯಂತ್ರದ ಹತ್ತಿರದಿಂದ ಹಾಲಿಲ್ಲ ಎಂದು ಬಾಯಾಡಿಸುವಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅರ್ಧ ಜಗಳ ಹೀಗೆ ಸದ್ದಿಲ್ಲದೆಯೇ ನಡೆದುಹೋಗಿತ್ತು.

ಹಾಗಾಗಿ ಕಾಶಪ್ಪನ ಬಾಯಿ ಕೆಟ್ಟದ್ದು ಮೊದಲು ಗೊತ್ತಾದದ್ದೂ ಅವಳಿಗೇ. ಹೋದ ದೀಪಾವಳಿ ಹೊತ್ತಿಗೆ ಅವನ ತುಟಿ ಅರ್ಧಕ್ಕೇ ನಿಲ್ಲತೊಡಗಿತು. ಏನು ಹೇಳಿದರೂ ಒಂದೇ ಥರ ಕಾಣುತ್ತಿತ್ತು. ಊಟಕ್ಕೆ ಕೂತರೆ ರೊಟ್ಟಿಯನ್ನು ಚೂರು ಚೂರು ಮಾಡಿ ಒಳಗೆ ತಳ್ಳುವನು, ಖಾರ ತಾಗಿದರೆ ಕಣ್ಣಲ್ಲಿ ನೀರು. ಹದಿನೈದು ವರ್ಷದಿಂದ ದವಡೆಯಲ್ಲಿ ಗುಟಕಾ ಇಟ್ಟುಕೊಂಡೇ ನೇಯುತ್ತಿದ್ದ ಮನುಷ್ಯ. ಮಾತಿಲ್ಲದ ಕೆಲಸ, ಬಾಯಿಗೆ ಏನಾದರೂ ಬೇಕಲ್ಲ ಎಂಬುದು ಅವನ ನೆಪ. ಕಳ್ಳನಿಗೊಂದು ಪಿಳ್ಳೆ ನೆವ.

ಅನಸವ್ವ ಅವನನ್ನು ಜಮಖಂಡಿಗೆ ಎಳೆದುಕೊಂಡು ಹೋದಳು. ಹಲ್ಲಿನ ಡಾಕ್ಟರ್ ಅಂಜನಾ ಅವನ ಬೆರಳನ್ನೇ ಅವನ ಬಾಯಲ್ಲಿ ಇಡಿಸಿ ನೋಡಿದರು. ಮೂರು ಬೆರಳು ಹಿಡಿಯಬೇಕಾದಲ್ಲಿ ಎರಡು ಒಳಗೆ ಹೋಗಲು ತಿಣುಕಿದವು. ಈಗಲೇ ಬಿಡದಿದ್ದರೆ ಇದು ಕ್ಯಾನ್ಸರಿಗೆ ತಿರುಗಬಹುದು ಎಂದರು. ಒಬ್ಬರೇ ಬಿಡಲು ಹೊರಟವರು ಬಹಳ ಸಲ ಸೋಲುತ್ತಾರೆ, ಮನೆಯವರು ಜೊತೆಗೆ ನಿಂತರೆ ಗೆಲ್ಲುತ್ತಾರೆ ಎಂದು ಅನಸವ್ವನ ಕಡೆ ತಿರುಗಿ ಹೇಳಿದರು.

ಅವಳಿಗೆ ಅಷ್ಟು ಸಾಕಾಯಿತು. ಬಸ್ಸಿನಿಂದ ಇಳಿದವಳು ಮನೆಗೂ ಹೋಗದೆ ಓಣಿಯ ಪಾನ್ ಅಂಗಡಿಯ ಮುದಕಪ್ಪನ ಮುಂದೆ ನಿಂತು, ನನ್ನ ಗಂಡನಿಗೆ ಗುಟಕಾ ಕೊಟ್ಟರೆ ನಿನ್ನ ಅಂಗಡಿ ಮುಂದೆಯೇ ಹಾಸಿಗೆ ಹಾಸಿ ಧರಣಿ ಕೂರುತ್ತೇನೆ ಎಂದು ಹೇಳಿ ಬಂದಳು. ಕಾಶಪ್ಪನ ಅಂಗಿಯ ಕಿಸೆ ದಿನಕ್ಕೆ ಮೂರು ಸಲ ತಪಾಸಣೆಯಾಗುತ್ತಿತ್ತು. ಒಂದು ಸಣ್ಣ ಡಬ್ಬಿಯಲ್ಲಿ ಬಡೇಸೋಪು, ಲವಂಗ ತುಂಬಿ ಅವನ ಕೈಗೆ ಕೊಟ್ಟಳು. ಕಾಲೇಜಿಗೆ ಹೋಗುವ ಮಗಳು ಸ್ನೇಹಾ ಸಂಜೆ ಅಪ್ಪನ ಬಾಯಿ ಮೂಸುವ ಅಧಿಕಾರಿಯಾದಳು. ಎರಡನೇ ವಾರ ಕಂಡಿಕೆ ಬುಟ್ಟಿಯ ತಳದಲ್ಲಿ ಒಂದು ಪಾಕೀಟು ಸಿಕ್ಕಿತು. ಅನಸವ್ವ ಬೈಯಲಿಲ್ಲ, ಆ ದಿನ ಊಟ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಮೂರನೆಯ ದಿನ ಕಾಶಪ್ಪ ತಟ್ಟೆ ಹಿಡಿದು ಅವಳ ಮುಂದೆ ಕೂತು, ಇನ್ನು ಮುಟ್ಟುವುದಿಲ್ಲ ಎಂದ. ಆಮೇಲೆ ನಿಜವಾಗಿಯೂ ಮುಟ್ಟಲಿಲ್ಲ.

ಇಂಥ ಹೆಣ್ಣುಮಗಳು ಅವಳು. ದಿನದ ಯೋಜನೆಯನ್ನೆಲ್ಲ ಹಾಕುತ್ತಿದ್ದದ್ದು ಮುಂಜಾನೆ ಹಿತ್ತಲ ಕಲ್ಲಿನ ಮೇಲೆ ಕೂತು ಹಲ್ಲಿಗೆ ಮಿಶ್ರಿ ತಿಕ್ಕುವಾಗ. ತವರಿನಿಂದ ಸೀರೆಗಳ ಜೊತೆ ತಾಯಿ ತಂಗೆವ್ವ ಕೊಟ್ಟುಕಳಿಸಿದ ತಗಡಿನ ಡಬ್ಬಿ, ಅದರಲ್ಲಿ ಆ ಕರಿ ಪುಡಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಕುಟ್ಟಿದ್ದು. ಹುರಿದರೆ ನಂಜು ಹೋಗುತ್ತದೆ, ಉಳಿಯುವುದು ಹಲ್ಲಿನ ಔಷಧ ಎಂದು ತಂಗೆವ್ವ ಹೇಳಿದ್ದಳು. ಅವಳಿಗೆ ಅವಳ ಅವ್ವ ಹೇಳಿದ್ದಳು. ಅದನ್ನು ಚಟ ಎಂದು ಕರೆದವರು ಆ ಮನೆತನದಲ್ಲಿ ಯಾರೂ ಇಲ್ಲ. ಮುಂಜಾನೆ ಒಂದು ಸಲ, ಊಟವಾದ ಮೇಲೆ ಒಂದು ಸಲ, ಕಂಡಿಕೆ ಸುತ್ತಿ ಬೇಸರವಾದಾಗ ಇನ್ನೊಂದು ಸಲ. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎನ್ನುತ್ತಾರೆ, ಬಾಯಿಯ ಒಳಗಂತೂ ಯಾರು ನೋಡಿಕೊಳ್ಳುತ್ತಾರೆ?

ಮೂರು ತಿಂಗಳಾದ ಮೇಲೆ ಗಂಡ ಹೆಂಡತಿ ಮತ್ತೆ ಜಮಖಂಡಿಗೆ ಹೋದರು. ಅನಸವ್ವ ಹಬ್ಬದ ಸೀರೆ ಉಟ್ಟಿದ್ದಳು, ಬಹುಮಾನ ತೆಗೆದುಕೊಳ್ಳಲು ಹೊರಟವಳ ಹಾಗೆ. ಕಾಶಪ್ಪನ ಬಾಯಲ್ಲಿ ಉರಿ ಇಳಿದಿತ್ತು, ಮೂರನೆಯ ಬೆರಳು ಅರ್ಧ ಒಳಗೆ ಹೋಯಿತು. ಪೂರ್ತಿ ಮೊದಲಿನಂತಾಗುವುದು ಕಷ್ಟ, ಆದರೆ ಮುಂದಕ್ಕೆ ಹೋಗದೆ ನಿಂತಿದೆ ಎಂದು ಡಾಕ್ಟರ್ ಖುಷಿಪಟ್ಟರು. ಶಹಬ್ಬಾಸ್‌ಗಿರಿ ನಿಮಗೆ ಎಂದು ಅನಸವ್ವನಿಗೆ ಹೇಳಿದರು. ಅವಳ ಎದೆ ಅಷ್ಟಗಲ ಆಯಿತು.

ಹೆಂಡತಿಯನ್ನು ಹೊಗಳುವ ಅವಕಾಶ ಕಾಶಪ್ಪನಿಗೂ ಬಿಡಲಾಗಲಿಲ್ಲ.

"ಆಕೀಗಿ ಒಂದೂ ಚಟಾ ಇಲ್ರೀ ಡಾಕ್ಟರ್," ಎಂದ. "ಹೊತ್ತಿಗೊಮ್ಮಿ ಮಿಶ್ರಿ ತಿಕ್ಕತಾಳ, ಅಷ್ಟ."

ಬರೆಯುತ್ತಿದ್ದ ಪೆನ್ನು ನಿಂತಿತು.

"ಎಷ್ಟ ವರ್ಷದಿಂದ?" ಎಂದು ಡಾಕ್ಟರ್ ಕೇಳಿದರು. ಉತ್ತರಕ್ಕೆ ಕಾಯಲೂ ಇಲ್ಲ. "ನೀವು ಈ ಕುರ್ಚಿಗೆ ಬರ್ರಿ. ಬಾಯಿ ತಗೀರಿ."

ಅನಸವ್ವ ನಗುತ್ತಲೇ ಕೂತಳು. ಬಾಯಿ ಎಷ್ಟು ಅಗಲ ತೆರೆಯುತ್ತದೆ ನೋಡಲಿ ಎಂಬ ಜಂಬ. ಡಾಕ್ಟರ್ ಕೆಳತುಟಿಯನ್ನು ಎಳೆದು, ದೀಪವನ್ನು ಹತ್ತಿರ ತಂದರು. ತುಂಬ ಹೊತ್ತು ನೋಡಿದರು. ಆಮೇಲೆ ಒಂದು ಸಣ್ಣ ಕನ್ನಡಿ ಅವಳ ಕೈಗೆ ಕೊಟ್ಟರು. ತುಟಿಯ ಒಳಗೆ, ಒಸಡಿನುದ್ದಕ್ಕೂ, ಹಾಲಿನ ಕೆನೆ ಅಂಟಿದ ಹಾಗೆ ಬೆಳ್ಳನೆಯ ಪಟ್ಟಿ. ನಡುವೆ ಒಂದು ಕಡೆ ಕೆಂಪು ಹುಣ್ಣು. ನೋವೇ ಇರಲಿಲ್ಲ, ಒಂದು ದಿನವೂ.

ಹುರಿದರೂ ತಂಬಾಕು ತಂಬಾಕೇ ಎಂದರು ಡಾಕ್ಟರ್. ಸೋಮವಾರ ಬರಬೇಕು, ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಏನೆಂದು ಆಮೇಲೆಯೇ ಹೇಳಲು ಬರುತ್ತದೆ. ಅನಸವ್ವನಿಗೆ ಅವರ ತುಟಿ ಆಡುವುದು ಕಂಡಿತು, ಮಾತು ಕೇಳಲಿಲ್ಲ. ಮಗ್ಗ ಇಲ್ಲದ ಆ ಕೋಣೆಯಲ್ಲಿ ಅವಳ ಕಿವಿ ಗುಂಯ್‌ಗುಡುತ್ತಿತ್ತು. ಕಾಶಪ್ಪ ಬೆಪ್ಪಾಗಿ ಕೂತಿದ್ದ. ಮೂರು ತಿಂಗಳು ತನ್ನ ಬಾಯಿ ಕಾಯ್ದವಳ ಬಾಯಲ್ಲಿ ಇದು ಬೆಳೆಯುತ್ತಿತ್ತು, ತಾನೇ ಸಂತೆಯಿಂದ ತಂಬಾಕಿನ ಎಲೆ ತಂದುಕೊಡುತ್ತಿದ್ದೆ ಎಂಬುದು ಅವನಿಗೆ ಈಗ ಹೊಳೆಯಿತು.

ಹೊರಡುವಾಗ ಡಾಕ್ಟರ್ ಒಂದು ಮಾತು ಕೇಳಿದರು.

"ಮನ್ಯಾಗ ಮತ್ತ್ಯಾರರ ಮಿಶ್ರಿ ಹಚ್ಚತಾರೇನ್ರಿ?"

ಕಾಶಪ್ಪ ಇಲ್ಲ ಎಂದ. ಅನಸವ್ವನಿಗೆ ಮಗಳು ನೆನಪಾದಳು. ಹತ್ತನೆಯ ತರಗತಿಯ ಪರೀಕ್ಷೆಯ ವೇಳೆ ಸ್ನೇಹಾಳಿಗೆ ಹಲ್ಲುನೋವು ಬಂದಿತ್ತು. ಹಿತ್ತಲ ಕಲ್ಲಿನ ಮೇಲೆ ಕೂರಿಸಿ, ತನ್ನ ಬೆರಳಿನಿಂದಲೇ ಮಗಳ ಒಸಡಿಗೆ ಮಿಶ್ರಿ ತಿಕ್ಕಿದ್ದಳು. ನೋವು ಇಳಿಯಿತು, ರೂಢಿ ಉಳಿಯಿತು. ಎರಡು ವರ್ಷದಿಂದ ತಾಯಿ ಮಗಳು ಮುಂಜಾನೆ ಒಂದೇ ಕಲ್ಲಿನ ಮೇಲೆ, ಒಂದೇ ಡಬ್ಬಿಯಲ್ಲಿ ಬೆರಳದ್ದುತ್ತಿದ್ದರು. ಗಂಡಸರು ಆ ಹೊತ್ತಿಗೆ ಹಿತ್ತಲಿಗೆ ಬರುವುದಿಲ್ಲ. ಕಾಶಪ್ಪನಿಗೆ ಗೊತ್ತೇ ಇರಲಿಲ್ಲ. ಬಸ್ಸಿನಲ್ಲಿ ಅವನಿಗೆ ಹೇಳಿದಾಗ ಅವನು ಮುಖ ಕಿಟಕಿಗೆ ತಿರುಗಿಸಿದ.

ಮನೆ ಮುಟ್ಟಿದಾಗ ಕೂಲಿಯವನು ಮಗ್ಗ ನಡೆಸುತ್ತಿದ್ದ. ಸ್ನೇಹಾ ತಾಯಿಯ ಜಾಗದಲ್ಲಿ ಕಂಡಿಕೆ ಸುತ್ತುತ್ತ ಕೂತಿದ್ದಳು. ಇವರನ್ನು ಕಂಡು ಅಪ್ಪ ಪಾಸೇನು ಎಂದು ಬರೀ ತುಟಿಯಲ್ಲಿ ಕೇಳಿ ನಕ್ಕಳು. ಅನಸವ್ವ ಬಾಯಿ ತಗಿ ಎಂದು ತುಟಿಯಾಡಿಸಿದಳು. ಹುಡುಗಿ ತಮಾಷೆ ಎಂದುಕೊಂಡು ಆ ಎಂದಳು. ಕಾಶಪ್ಪ ಮೊಬೈಲಿನ ಬೆಳಕು ಹಿಡಿದ. ಕೆಳಗಿನ ಒಸಡಿನ ಹತ್ತಿರ ಬೆಳ್ಳಗೆ ಏನೋ ಕಂಡಂತಾಯಿತು, ಉಗುರಿನಷ್ಟು.

ಅನಸವ್ವ ಹೋಗಿ ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿ ಬಂದಳು. ಸೋಮವಾರ ನನ್ನ ಜೊತೆ ನೀನೂ ಬರಬೇಕು, ಇವತ್ತಿನಿಂದ ಮಿಶ್ರಿ ಮುಟ್ಟಬಾರದು ಎಂದಳು. ಹಗಲು ಹೊತ್ತಿನಲ್ಲಿ ಇಷ್ಟು ಶಾಂತವಾದ ಮನೆಯನ್ನು ಸ್ನೇಹಾ ನೋಡಿರಲೇ ಇಲ್ಲ. ಅಪ್ಪನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು.

"ಹುರದ್ರ ನಂಜ ಹೋಗತೈತಿ ಅಂತ ನೀನ ಹೇಳಿದ್ದೆಲ್ಲಬೇ, ಯವ್ವಾ," ಎಂದಳು.