ಲೂಡಿಯ ಚೀಲದಲ್ಲಿದ್ದ ಗಡಿಯಾರ

ಬ್ರಾಂಕ್ಸ್‌ನ ಆ ಬೀದಿಮೂಲೆಯಲ್ಲಿ, ಔಷಧಿ ಅಂಗಡಿಯ ಮುಂದೆ, ಬೆಳಿಗ್ಗೆ ಏಳಕ್ಕೆಲ್ಲ ಹದಿನೈದಿಪ್ಪತ್ತು ಕರಿಯ ಹೆಂಗಸರು ನಿಂತಿರುತ್ತಿದ್ದರು. ಎಲ್ಲರ ಕಂಕುಳಲ್ಲೂ ಒಂದೊಂದು ಕಾಗದದ ಚೀಲ, ಒಳಗೆ ಕೆಲಸದ ಹಳೇ ಬಟ್ಟೆ. ಚೀಲ ಕಂಡರೆ ಸಾಕು, ಇವಳು ದಿನಗೂಲಿಗೆ ಸಿಗುವವಳು ಎಂದು ಬಿಳಿಯ ಮನೆಯೊಡತಿಯರಿಗೆ ತಿಳಿಯುತ್ತಿತ್ತು. ಅವರು ಬಂದು ಮೊದಲು ಮೊಣಕಾಲು ನೋಡುತ್ತಿದ್ದರು. ಅಲ್ಲಿ ಚರ್ಮ ದಡ್ಡುಗಟ್ಟಿದ್ದರೆ ನೆಲ ಉಜ್ಜಿ ಪಳಗಿದವಳೆಂದು ಲೆಕ್ಕ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಿಗೂ ಅಷ್ಟು ಗತ್ತು ಇರುವುದಿಲ್ಲ.

ಲೂಡಿ ಪೆಟಿಗ್ರೂ ಆ ಮೂಲೆಯ ಹಳೇ ತಲೆ. ಎತ್ತರದ ಆಳು, ಬಾಯಿ ಜೋರು. ದಕ್ಷಿಣ ಕೆರೊಲಿನಾದಲ್ಲಿ ಹತ್ತಿ ಬಿಡಿಸಿ ಬೇಸತ್ತು ಉತ್ತರದ ಈ ನಗರಕ್ಕೆ ಬಂದವಳು. ಗಂಡ ಕೆಲಸ ಹುಡುಕುತ್ತೇನೆಂದು ಹೋದವನು ಹೋದವನೇ. ಮೂರು ವರ್ಷದ ಮಗಳು ಎರ್ಲೀನ್‌ಳನ್ನು ತಾಯಿಯ ಹತ್ತಿರ ಬಿಟ್ಟು ರೈಲು ಹತ್ತಿದ್ದಳು. ಮಗಳನ್ನು ಕರೆಸಿಕೊಳ್ಳಬೇಕು ಎನ್ನುವುದೊಂದೇ ಅವಳ ಜಪ. ನಾಲ್ಕು ವರ್ಷ ಅದನ್ನೇ ಜಪಿಸಿಕೊಂಡು ಕಂಡವರ ಮನೆಯ ಕಿಟಕಿ ಒರೆಸಿದಳು.

ಆ ಮನೆಗಳಲ್ಲೊಂದು ಕೈಚಳಕ ನಡೆಯುತ್ತಿತ್ತು. ಆಳು ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿರುವಾಗ ಮನೆಯೊಡತಿ ಅಡುಗೆಮನೆ ಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಬಿಡುವುದು. ಕೈಗಡಿಯಾರ ಕಟ್ಟುವ ಯೋಗ್ಯತೆ ಆಳಿಗೆಲ್ಲಿ? ಐದು ಗಂಟೆಯ ಕೂಲಿಗೆ ಆರು ಗಂಟೆಯ ದುಡಿತ. ಕಳ್ಳತನ ಅಂದರೆ ರಾತ್ರಿ ಕನ್ನ ಹಾಕುವುದೊಂದೇ ಅಲ್ಲ.

ಲೂಡಿ ಒಂದು ದಿನ ಗಿರವಿ ಅಂಗಡಿಯಿಂದ ಅಲಾರಾಂ ಗಡಿಯಾರ ತಂದು ಚೀಲದಲ್ಲಿಟ್ಟುಕೊಂಡಳು. ಮಧ್ಯಾಹ್ನ ಮೂರಕ್ಕೆ ಅದು ಬಡಿದುಕೊಂಡಾಗ ಗೋಡೆಯ ಗಡಿಯಾರ ಎರಡು ತೋರಿಸುತ್ತಿತ್ತು. ಮನೆಯೊಡತಿ ಹೌಹಾರಿ ಓಡಿಬಂದಳು.

"ಅಮ್ಮಾವ್ರೇ, ನಿಮ್ಮ ಗಡಿಯಾರಕ್ಕೆ ಮೈಯಲ್ಲಿ ಹುಷಾರಿಲ್ಲ ಅಂತ ಕಾಣುತ್ತೆ. ಡಾಕ್ಟರಿಗೆ ತೋರಿಸಿ," ಎಂದಳು ಲೂಡಿ.

ಮೂಲೆಯಲ್ಲಿ ಆ ಕಥೆ ಕೇಳಿ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಗಡಿಯಾರ ಕೈಯಿಂದ ಕೈಗೆ ಹೋಗತೊಡಗಿತು. ಯಾರು ಹೊಸಬಳೋ ಅವಳಿಗೆ ಮೊದಲು ಎಂದು ಲೂಡಿಯೇ ಕಟ್ಟಳೆ ಮಾಡಿದಳು.

"ನಿನ್ನ ದುಡ್ಡಲ್ಲಿ ತಂದಿದ್ದು ಕಣೇ, ನಿನಗೇನು ತಲೆಗಿಲೆ ಕೆಟ್ಟಿದೆಯಾ?" ಎಂದಳು ಗೆಳತಿ ವರ್ಸೀ.

"ನನ್ನೊಬ್ಬಳ ಗಂಟೆ ಉಳಿಸ್ಕೊಂಡ್ರೆ ಆ ಹೆಂಗಸು ನಾಳೆ ನಿನ್ನ ಗಂಟೆ ಕದೀತಾಳೆ. ಇಬ್ಬರೂ ಬಡವಾಗೋದು ತಪ್ಪುತ್ತಾ?"

ಹಾರ್ಲೆಮ್‌ನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಕಾರ್ಮಿಕರ ಸಭೆ ಸೇರುತ್ತಿತ್ತು. ವರ್ಸೀ ಒಮ್ಮೆ ಲೂಡಿಯನ್ನು ಎಳೆದುಕೊಂಡು ಹೋದಳು. ಕನ್ನಡಕದ ಯುವಕನೊಬ್ಬ ದಪ್ಪ ಪುಸ್ತಕ ಹಿಡಿದು, ಬಂಡವಾಳಗಾರ ದುಡಿಯುವವನ ಹೊತ್ತನ್ನು ಹೇಗೆ ಕಣ್ಣಿಗೆ ಕಾಣದಂತೆ ಕದಿಯುತ್ತಾನೆ ಎಂದು ಮುಕ್ಕಾಲು ಗಂಟೆ ವಿವರಿಸಿದ.

"ಕಾಣದಂತೆ ಯಾಕಪ್ಪಾ? ನಮ್ಮ ಅಮ್ಮಾವ್ರು ಮುಳ್ಳು ಹಿಡಿದೇ ತಿರುಗಿಸ್ತಾರಲ್ಲ," ಎಂದಳು ಲೂಡಿ.

ಸಭೆ ಗೊಳ್ಳೆಂದಿತು. ಯುವಕನೂ ನಕ್ಕ, ನಕ್ಕು, ಹೆಂಗಸರು ಹೋಗಿ ಕಾಫಿ ಮಾಡಿದರೆ ಚರ್ಚೆ ಮುಂದುವರಿಸಬಹುದು ಎಂದ.

"ಮಾಡ್ತೀವಿ. ಆ ಕಾಫಿ ಮಾಡೋ ಹೊತ್ತು ಯಾರ ಲೆಕ್ಕಕ್ಕೆ ಬರುತ್ತೆ ಅಂತ ನಿನ್ನ ಪುಸ್ತಕದಲ್ಲಿ ಸ್ವಲ್ಪ ನೋಡಿಟ್ಟಿರು."

ಆದರೂ ಲೂಡಿ ಸಭೆ ತಪ್ಪಿಸಲಿಲ್ಲ. ದುಡಿಯುವವರೆಲ್ಲ ಒಂದೇ ಎಂಬ ಮಾತು ಅವಳ ಎದೆಗೆ ನಾಟಿತ್ತು. ಪಾಪ, ನಂಬಿಬಿಟ್ಟಳು.

ಈಸ್ಟರ್ ಹಿಂದಿನ ಶನಿವಾರ ಎರ್ಲೀನ್ ರೈಲಿನ ಆಳಿನ ವಶದಲ್ಲಿ ಒಬ್ಬಳೇ ಬರುತ್ತಾಳೆಂದು ಊರಿಂದ ಕಾಗದ ಬಂತು. ರೈಲು ಮಧ್ಯಾಹ್ನ ಮೂರಕ್ಕೆ. ಅದು ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ. ಒಂದು ದಿನದ ಕೂಲಿ ಬಿಡುವ ಕಾಲವಲ್ಲ. ಎರಡಕ್ಕೆ ಬಿಟ್ಟರೆ ಸಾಕು ಎಂದುಕೊಂಡು ಲೂಡಿ ಮೂಲೆಗೆ ಬಂದಳು. ಅಲ್ಲಿ ಐಡೆಲ್ಲಾ ಎಂಬ ಹದಿನೆಂಟರ ಹುಡುಗಿ, ನಿನ್ನೆಯಷ್ಟೇ ಜಾರ್ಜಿಯಾದಿಂದ ಬಂದವಳು, ಚೀಲವನ್ನು ಮಗುವಿನಂತೆ ಅಪ್ಪಿಕೊಂಡು ನಡುಗುತ್ತಿದ್ದಳು. ಲೂಡಿ ಗಡಿಯಾರ ತೆಗೆದು ಅವಳ ಚೀಲಕ್ಕೆ ಹಾಕಿದಳು.

"ಇವತ್ತು ಬೇಡ ಕಣೇ, ನಿನ್ನ ಮಗಳು ಬರ್ತಿದ್ದಾಳೆ," ಎಂದು ವರ್ಸೀ ಕೈ ಹಿಡಿದಳು.

"ಇವತ್ತು ನಾನು ಹೋಗೋದು ಕಾರ್ಮಿಕ ಸಂಘದೋರ ಮನೆಗೆ. ಆ ಅಮ್ಮಾವ್ರ ಗಂಡ ದರ್ಜಿ, ಹೋದ ವರ್ಷ ಮುಷ್ಕರದಲ್ಲಿ ಏಟು ತಿಂದೋನು. ಗೋಡೆ ಮೇಲೆ ಸಂಘದ ಕ್ಯಾಲೆಂಡರ್ ಇದೆ. ಅಲ್ಲಿ ಯಾಕೆ ಗಡಿಯಾರ?"

ಆ ಕ್ಯಾಲೆಂಡರಿನ ಪಕ್ಕದಲ್ಲೇ ಅಡುಗೆಮನೆಯ ಗಡಿಯಾರ ತೂಗುತ್ತಿತ್ತು. ಅದು ಎರಡು ತೋರಿಸಿದಾಗ ಲೂಡಿ ಕೈ ಒರೆಸಿಕೊಂಡು, ತಲೆಗೆ ಟೊಪ್ಪಿಗೆ ಇಟ್ಟುಕೊಂಡು ಹೊರಟಳು. "ಸಂಜೆವರೆಗೂ ಇರಬಾರದೇನೇ ಹುಡುಗಿ?" ಎಂದಳು ಮನೆಯೊಡತಿ. ಲೂಡಿಗೆ ಆಗ ಮೂವತ್ತೆಂಟು ವಯಸ್ಸು. ನಗುತ್ತಲೇ ಮೆಟ್ಟಿಲಿಳಿದು, ರಸ್ತೆ ದಾಟಿ, ಔಷಧಿ ಅಂಗಡಿಯೊಳಗಿನ ಗಡಿಯಾರ ನೋಡಿದಳು. ಮೂರು ಹೊಡೆದು ಐದು ನಿಮಿಷ.

ನಿಲ್ದಾಣ ಮುಟ್ಟಿದಾಗ ನಾಲ್ಕು ದಾಟಿತ್ತು. ಬೆಂಚು ಖಾಲಿ. ರೈಲಿನ ಆಳು, ಎದೆಗೆ ಹೆಸರಿನ ಚೀಟಿ ಚುಚ್ಚಿದ ಮಗುವನ್ನು ಅಲ್ಲಿ ಕೂರಿಸಿ ಹೋಗಿದ್ದನಂತೆ. ಯಾರೂ ಬಾರದ್ದಕ್ಕೆ ಪೊಲೀಸಿನವನು ಅನಾಥಾಲಯಕ್ಕೆ ಕರೆದೊಯ್ದನಂತೆ. ಲೂಡಿ ಅಲ್ಲಿಗೆ ಓಡಿದಳು. ಮೇಜಿನ ಹಿಂದಿದ್ದವನು ತಲೆಯೆತ್ತದೆ, ಕೆಲಸ ಎಲ್ಲಿ ಎಂದ.

"ಮನೆಗೆಲಸ ಸ್ವಾಮಿ. ಬೀದಿಮೂಲೆಯಲ್ಲಿ ನಿಲ್ತೀವಿ, ಬಂದು ಕರ್ಕೊಂಡು ಹೋಗ್ತಾರೆ."

ಅವನು ಬರೆದುಕೊಂಡ: ಬೀದಿಮೂಲೆಯಲ್ಲಿ ನಿಲ್ಲುವ ಹೆಂಗಸು. ಬಿಳಿ ತಾಯಿಯಾಗಿದ್ದರೆ ಹೀಗೆ ಬರೆಯುತ್ತಿದ್ದನೇ? ಆ ಒಂದು ಸಾಲನ್ನು ಅಳಿಸಲು ಹತ್ತೊಂಬತ್ತು ದಿನ ಹಿಡಿಯಿತು. ಪಾದ್ರಿ ಬಂದ, ವರ್ಸೀ ಬಂದಳು, ಸಭೆಯ ಕನ್ನಡಕದವನೂ ಬಂದು ವಾದಿಸಿದ. ಮಗಳು ಕೊನೆಗೆ ಹೊರಬಂದಾಗ ತಲೆ ಬೋಳಾಗಿತ್ತು. ಹೇನಿನ ಭಯಕ್ಕೆ ಬೋಳಿಸಿದ್ದರು. ಅಜ್ಜಿ ಹೊರಡುವ ಬೆಳಿಗ್ಗೆ ಹನ್ನೆರಡು ಜಡೆ ಹೆಣೆದು ಹಳದಿ ರಿಬ್ಬನ್ ಕಟ್ಟಿ ಕಳಿಸಿದ್ದಳು. ನಾಲ್ಕು ವರ್ಷ ಆ ಕೂದಲು ಬಾಚುವ ಕನಸು ಕಂಡ ಲೂಡಿ, ಬೀದಿಯಲ್ಲೇ ಬೋಳುತಲೆಯ ಮೇಲೆ ಕೈಯಾಡಿಸಿದಳು.

"ನೀನು ಯಾಕೆ ಬರಲಿಲ್ಲ?" ಎಂದಿತು ಮಗು.

"ರೈಲು ಬೇಗ ಬಂದುಬಿಟ್ಟಿತ್ತು ಕಂದಾ."

ಬಾಯಿ ಜೋರಿನ ಹೆಂಗಸು ಆಡಿದ ಪುಕ್ಕಲು ಮಾತು ಅದೊಂದೇ.

ಎರ್ಲೀನ್ ಜಗಳವಾಡದೆ ಬೆಳೆದಳು. ಶಾಲೆಗೆ ಹೋದಳು, ಪಾತ್ರೆ ತೊಳೆದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಕೂದಲು ಮತ್ತೆ ಬೆಳೆಯಿತು, ಆದರೆ ಬಾಚಲು ತಾಯಿಯ ಕೈಗೆ ಕೊಡಲಿಲ್ಲ. ಎಲ್ಲಿಗೆ ಹೊರಟರೂ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುತ್ತಿದ್ದಳು. ಲೂಡಿ ಎಷ್ಟೋ ಸಲ ನಿಜ ಹೇಳಹೊರಟು ಬೇರೆ ಮಾತಿಗೆ ಹೊರಳಿದಳು. ಹೊಟ್ಟೆಯಲ್ಲಿಟ್ಟುಕೊಂಡ ಸುಳ್ಳು ಕರಗುವುದಿಲ್ಲ.

ಹನ್ನೊಂದು ವರ್ಷಗಳ ಮೇಲೆ ಮನೆಗೆಲಸದವರ ಸಂಘ ಲೂಡಿಯನ್ನು ಸನ್ಮಾನಿಸಿತು. ಅದೇ ಚರ್ಚಿನ ನೆಲಮಾಳಿಗೆ. ಎರ್ಲೀನ್ ಎರಡನೆಯ ಸಾಲಿನಲ್ಲಿ ಕೂತಿದ್ದಳು. ತಾಯಿಯ ಸಭೆಗೆ ಅವಳು ಬಂದದ್ದು ಅದೇ ಮೊದಲು. ಐಡೆಲ್ಲಾ ಈಗ ಸಂಘದ ಕಾರ್ಯದರ್ಶಿ, ನಡುಕವೆಲ್ಲ ಎಂದೋ ಹೋಗಿತ್ತು. ಹಳೇ ಗಡಿಯಾರ ಎತ್ತಿ ಹಿಡಿದು ಮಾತಾಡಿದಳು.

"ನಾನು ಮೂಲೆಗೆ ಬಂದ ಮೊದಲನೇ ದಿನ ಲೂಡಿ ಅಕ್ಕ ಇದನ್ನ ನನ್ನ ಚೀಲಕ್ಕೆ ಹಾಕಿದ್ರು. ನಂಗೆ ಚೆನ್ನಾಗಿ ನೆನಪಿದೆ, ಮೂವತ್ತೆಂಟರ ಈಸ್ಟರ್ ಹಿಂದಿನ ಶನಿವಾರ. ಆವತ್ತು ನನ್ನ ಒಂದು ನಿಮಿಷಾನೂ ಯಾರೂ ಕದೀಲಿಲ್ಲ!"

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ವರ್ಸೀ ಮಾತ್ರ ಮುಖ ಮುಚ್ಚಿಕೊಂಡಳು. ವೇದಿಕೆಯ ಮೇಲಿಂದ ಲೂಡಿ ನೋಡಿದಾಗ ಎರಡನೆಯ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು.

ಮನೆಗೆ ಬಂದರೆ ಎರ್ಲೀನ್ ಕೋಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ಕೂತಿದ್ದಳು. ಲೂಡಿ ಎಲ್ಲವನ್ನೂ ಹೇಳಿದಳು. ಸಂಘದ ಮನೆ, ಕ್ಯಾಲೆಂಡರ್, ಮುಳ್ಳು. ಮಗಳು ಕೊನೆಯವರೆಗೆ ಕೇಳಿದಳು.

"ಆ ಬೆಂಚಿನ ಮೇಲೆ ಕೂತು ಬರೋರ ಕಾಲು ಎಣಿಸ್ತಿದ್ದೆ ಅಮ್ಮ. ನೂರಾದ ಮೇಲೆ ನೀನು ಬರ್ತೀಯ ಅಂದ್ಕೊಂಡಿದ್ದೆ. ನಂಗೆ ನೂರರ ಮೇಲೆ ಬರ್ತಿರಲಿಲ್ಲ, ಮತ್ತೆ ಒಂದರಿಂದ ಎಣಿಸ್ದೆ."

"ಅವಳು ನಡುಗ್ತಿದ್ದಳು ಕಣೇ ಎರ್ಲೀನ್. ಯಾರದೋ ಮಗಳು..."

"ಹೌದು. ನಾನೂ ಯಾರದೋ ಮಗಳಾಗಿದ್ರೆ ಚೆನ್ನಾಗಿತ್ತು."

ಮಾಡಿದ್ದು ತಪ್ಪೆನ್ನಲು ಲೂಡಿಯ ನಾಲಿಗೆ ಏಳಲಿಲ್ಲ. ಸರಿಯೆನ್ನಲು ಆ ಮುಖ ನೋಡಿ ಧೈರ್ಯ ಬರಲಿಲ್ಲ. ಕದ್ದವಳು ಯಾವುದೋ ಅಡುಗೆಮನೆಯಲ್ಲಿ ನೆಮ್ಮದಿಯಾಗಿದ್ದಾಳೆ, ಇಲ್ಲಿ ತಾಯಿ ಮಗಳು ಒಬ್ಬರಿಗೊಬ್ಬರು ಸಾಲಗಾರರು. ಎರ್ಲೀನ್ ಮರುದಿನ ಬಟ್ಟೆ ಕಟ್ಟಿಕೊಂಡು ಗೆಳತಿಯ ಕೋಣೆಗೆ ಹೊರಟುಹೋದಳು.

ಸೋಮವಾರ ಲೂಡಿ, ಸನ್ಮಾನದ ದಿನ ಐಡೆಲ್ಲಾ ಮರಳಿಸಿದ ಗಡಿಯಾರವನ್ನು ಚೀಲದಲ್ಲಿಟ್ಟುಕೊಂಡು ಮೂಲೆಗೆ ಬಂದಳು. ಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಹೊರದಬ್ಬಿದ ಹೆಂಗಸರಿಂದ ಮೂಲೆ ಮತ್ತೆ ತುಂಬಿತ್ತು. ಗೋಡೆಗೊರಗಿ ಹೊಸಬಳೊಬ್ಬಳು ನಿಂತಿದ್ದಳು, ಎರ್ಲೀನ್‌ಳದೇ ವಯಸ್ಸು. ಲೂಡಿ ಹತ್ತಿರ ಹೋಗಿ, ಗಡಿಯಾರಕ್ಕೆ ಕೀಲಿ ಕೊಟ್ಟು, ಮುಂದೆ ಚಾಚಿದಳು.

ಹುಡುಗಿ ಹಿಡಿದುಕೊಂಡಳು. ಎಳೆದಳು. "ಬಿಡಿ ಅಕ್ಕ," ಎಂದಳು.

ಲೂಡಿ ಇನ್ನೂ ಹಿಡಿದೇ ಇದ್ದಳು. ಆಮೇಲೆ ಬಿಟ್ಟಳು.