ಕೊಡಲಿಯ ಮೇಲೆ ಕುಳಿತ ಅತ್ತಿಗೆ

ಮರ ಕಡಿಯುವವರ ಗುಂಪಿನಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಗುತ್ತಿಗೆದಾರ ಕೂಡ. ಮೂರು ವರ್ಷದ ಹಿಂದೆ ಒಣಕೊಂಬೆಯೊಂದು ಕಳಚಿ ಬಿದ್ದು ಗಂಡನ ಸೊಂಟ ಮುರಿದಿತ್ತು. ಅಂದಿನಿಂದ ಅವನು ಮನೆಯಲ್ಲಿ ಕುಳಿತು ಗರಗಸದ ಹಲ್ಲು ಮಸೆಯುತ್ತಿದ್ದ. ಅವಳು ಮೈದುನನ ಜೊತೆ ಕೆಲಸಕ್ಕೆ ಬರುತ್ತಿದ್ದಳು. ಹಗ್ಗ ಹಿಡಿಯುವುದು, ಕೊಂಬೆಗಳ ಮೇಲೆ ಕಣ್ಣಿಡುವುದು ಅವಳ ಪಾಲು. ಆತಂಕಕ್ಕೆ ನಿಂತಲ್ಲಿ ಕಾಲು ನಿಲ್ಲದು.

"ಮೇಲೆ ನೋಡಿ ನೋಡಿ ನಿಮ್ಮ ಕುತ್ತಿಗೆ ಒಂದಿನ ಹಾಗೇ ಸಿಕ್ಕಾಕ್ಕೊಳ್ಳುತ್ತೆ" ಎಂದು ಮೈದುನ ನಗುತ್ತಿದ್ದ.

ಅವತ್ತು ಶಾಲೆಯ ಹಿಂದಿನ ದೊಡ್ಡ ಮರ ಬೀಳುತ್ತ ಹೊರಳಿ ಪಕ್ಕದ ಮರದ ಕವಲಿಗೆ ಸಿಕ್ಕಿಕೊಂಡಿತು. ಅತ್ತ ಬೀಳದು, ಇತ್ತ ನಿಲ್ಲದು.

"ಹಿಡ್ಕೊಂಡಿರೋ ಮರದ ಬುಡಕ್ಕೆ ನಾಲ್ಕೇಟು ಹಾಕಿದ್ರೆ ಎರಡೂ ಬರುತ್ತೆ" ಎಂದು ಮೈದುನ ಕೊಡಲಿಗೆ ಕೈಚಾಚಿದ. ಕೊಡಲಿ ಇರಲಿಲ್ಲ. ಇಪ್ಪತ್ತು ಮಾರು ದೂರದಲ್ಲಿ ಅತ್ತಿಗೆ ಅದರ ಕಾವಿನ ಮೇಲೆ ಕುಳಿತಿದ್ದಳು.

"ಏಳಿ ಅತ್ತಿಗೆ, ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ಉದ್ದ ಹಗ್ಗ ತರೋಕೆ ಗುತ್ತಿಗೆದಾರರು ಹೋಗಿದಾರೆ. ದೂರ ನಿಂತು ಎಳೆಯೋಣ."

"ಮರದ ಕೆಲಸ ನಂಗೇ ಹೇಳ್ಕೊಡ್ತೀರಾ?"

"ಅದರಡಿ ಹೋಗ್ಲೇಬೇಕಾ? ನನ್ನ ಎತ್ತಿ ಆಚೆ ಹಾಕಿ ಹೋಗು."

ಕೆಲಸದವರು ಮುಸಿಮುಸಿ ನಕ್ಕರು. ಮೈದುನ ಹಲ್ಲು ಕಡಿದ. ಅವಳಿಗೆ ಹೊತ್ತೇ ಸಾಗದು. ಎದ್ದರೆ ಅವನು ಕೊಡಲಿ ಕಸಿದಾನು. ಕುಳಿತರೆ ಮರದಡಿ ಯಾರು ನುಸುಳುತ್ತಾರೋ ತಿಳಿಯದು. ಗಾಳಿ ಬೀಸಿದಾಗಲೆಲ್ಲ ಮೇಲೆ ಮರ ಕಿರ್ರೆನ್ನುತ್ತಿತ್ತು. ಬಟ್ಟೆ ಗಂಟು ಹೊತ್ತ ದರ್ಜಿಯೊಬ್ಬ ಆ ಮರದಡಿಯ ಒಳದಾರಿ ಹಿಡಿದು ಬಂದ. "ಅಯ್ಯೋ, ಹಿಂದೆ ಹೋಗಪ್ಪಾ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಅವನು ಬೆದರಿ ಗಂಟು ಬಿಟ್ಟು ಓಡಿದ.

ಹಗ್ಗ ಬರುವ ಮೊದಲೇ ಮರ ತಾನಾಗಿ ಜಾರಿತು. ಬುಡ ಹಿಂದಕ್ಕೆ ಒದ್ದು ಶಾಲೆಯ ಗೋಡೆಯ ಮೂಲೆ ಕಿತ್ತಿತು. ಮೈದುನ ನಿಲ್ಲಲು ಹೊರಟಿದ್ದ ಜಾಗ ಮುರಿದ ಕೊಂಬೆಗಳಡಿ ಹೂತುಹೋಯಿತು.

ಅವನು ಬಂದು ಅವಳ ಪಕ್ಕ ಕುಕ್ಕರಿಸಿದ.

"ಅಣ್ಣಂಗೆ ಹೇಳ್ಬೇಡಿ."

"ಹೇಳ್ತೀನಿ."

ಹೇಳಿದಳು. ಗಂಡ ಬೈಯಲಿಲ್ಲ, ತಮ್ಮನನ್ನು ಕರೆಸಿ, ಪಕ್ಕ ಕೂರಿಸಿಕೊಂಡು ಊಟ ಹಾಕಿಸಿದ. ಮಾರನೆಯ ದಿನ ಗುತ್ತಿಗೆದಾರ ಖಡಾಖಂಡಿತವಾಗಿ ಹೇಳಿದ: ಮರ ಸಿಕ್ಕಿಕೊಂಡರೆ, ಅತ್ತಿಗೆ ಸರಿ ಎನ್ನುವವರೆಗೆ ಯಾರೂ ಹತ್ತಿರ ಸುಳಿಯಕೂಡದು. ಮೈದುನನೇ ಮೊದಲು ತಲೆಯಾಡಿಸಿದ.

ಅತ್ತಿಗೆಗೆ ಮಾತ್ರ ವಾರವೆಲ್ಲ ಅನ್ನ ಸೇರಲಿಲ್ಲ. ಆ ದರ್ಜಿಗೆ ಕಿವಿ ಮಂದವಾಗಿದ್ದಿದ್ದರೆ ಎಂಬ ಯೋಚನೆ ಒಳಗೇ ಕೊರೆಯುತ್ತಿತ್ತು.